ರಬ್ಬರ್ ಮೈಯ ದೈತ್ಯರು

ಫಾರ್ಮಿಕ್ ಎಸಿಡ್ ವಾಸನೆ ಮೂಗಿಗೆ ಬಡಿದರೆ ನನಗೆ ಎರಡು ಜಾಗ ನೆನಪಾಗುತ್ತವೆ. ಒಂದು ಊರಿನ ನಮ್ಮ ರಬ್ಬರ್ ಶೆಡ್ಡು. ಇನ್ನೊಂದು ಅಮೆರಿಕದ ನ್ಯೂ ಮೆಕ್ಸಿಕೋದ ಮರುಭೂಮಿ. ಅಲ್ಲಿಗೆ ನಾನು ಹೋದದ್ದೇ ಇಲ್ಲ.

ಶೆಡ್ಡಿನ ಕಥೆ ಸುಲಭ. ಪುತ್ತೂರು, ಸುಳ್ಯದ ಕಡೆ ರಬ್ಬರ್ ಇರುವವರಿಗೆ ಹೇಳುವುದೇ ಬೇಡ. ಬೆಳಿಗ್ಗೆ ಟ್ಯಾಪಿಂಗ್ ಆಗಿ ಹಾಲು ಬಂದ ಮೇಲೆ ಅದನ್ನು ಸೋಸಿ, ನೀರು ಬೆರೆಸಿ, ಟ್ರೇಗಳಿಗೆ ಹೊಯ್ಯಬೇಕು. ಅದಕ್ಕೆ ತೆಳು ಮಾಡಿದ ಎಸಿಡ್ ಹಾಕಿ ಕದಡಿದರೆ ಹಾಲು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ. ಆಮೇಲೆ ಮೆಷಿನ್ನಿಗೆ ಕೊಟ್ಟು ಶೀಟ್ ಮಾಡುವುದು. ಅಪ್ಪ ಎಸಿಡ್ ಕ್ಯಾನಿನ ಮುಚ್ಚಳ ತೆಗೆಯುವಾಗ "ಆಚೆ ಹೋಗು, ಮೂಗಿಗೆ ಹೊಡೀತದೆ" ಅಂತ ಬೈಯುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಆ ಹುಳಿ ಘಾಟು ನನಗೆ ಇಷ್ಟವಿತ್ತು. ತೋಟದಲ್ಲಿ ಚಗಳಿ ಇರುವೆ ಕಚ್ಚಿದಾಗ, ಅದನ್ನು ಹೊಸಕಿದ ಬೆರಳನ್ನು ಮೂಸಿದರೆ ಬರುವುದೂ ಅದೇ ಘಾಟು. ಇರುವೆಯ ಮೈಯಲ್ಲಿರುವುದೂ ನಮ್ಮ ಕ್ಯಾನಿನಲ್ಲಿರುವುದೂ ಒಂದೇ ಎಸಿಡ್ ಅಂತ ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಸಿನಿಮಾದಿಂದ. 1996ರ ಸುಮಾರಿಗೆ ಪುತ್ತೂರಿನ ಚಿಕ್ಕಮ್ಮನ ಮನೆಗೆ ಕೇಬಲ್ ಬಂದಿತ್ತು. ರಜೆಯಲ್ಲಿ ನನ್ನ ಬಿಡಾರ ಅಲ್ಲೇ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಸದ್ದು ಸಣ್ಣ ಮಾಡಿಕೊಂಡು ಚಾನೆಲ್ ತಿರುಗಿಸುತ್ತಾ ಕೂತಿದ್ದೆ. ಯಾವುದೋ ಇಂಗ್ಲಿಷ್ ಚಾನೆಲ್, ಕಪ್ಪು ಬಿಳುಪು ಸಿನಿಮಾ, ಆಗಲೇ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಒಬ್ಬಳು ಪುಟ್ಟ ಹುಡುಗಿ ಗರಬಡಿದವಳ ಹಾಗೆ ಕೂತಿದ್ದಾಳೆ. ಕಣ್ಣು ತೆರೆದೇ ಇದೆ, ಮಾತಿಲ್ಲ. ವಯಸ್ಸಾದ ವಿಜ್ಞಾನಿಯೊಬ್ಬ ಒಂದು ಗಾಜಿನ ಲೋಟಕ್ಕೆ ಏನೋ ಹೊಯ್ದು ಅವಳ ಮೂಗಿನ ಹತ್ತಿರ ಹಿಡಿಯುತ್ತಾನೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಅವಳ ಕಣ್ಣು ಅಲ್ಲಾಡುತ್ತದೆ, ಮುಖ ಒಡೆಯುತ್ತದೆ, ಎದ್ದು ಗೋಡೆ ಮೂಲೆಗೆ ಓಡಿ ಕಿರುಚುತ್ತಾಳೆ: "ದೆಮ್! ದೆಮ್!"

ನನಗೆ ಅವರ ಇಂಗ್ಲಿಷ್ ಒಂದಕ್ಷರ ಅರ್ಥವಾಗಿರಲಿಲ್ಲ. ಆದರೆ ಆ ಮಾತುಕತೆಯ ನಡುವೆ 'ಫಾರ್ಮಿಕ್ ಎಸಿಡ್' ಅಂತ ಕೇಳಿಸಿತು. ಸೆಟೆದು ಕೂತೆ. ಅಯ್ಯೋ, ಅದು ನಮ್ಮ ಶೆಡ್ಡಿನದ್ದಲ್ವಾ! ಸ್ವಲ್ಪ ಹೊತ್ತಿನಲ್ಲಿ ಮರಳಿನ ದಿಬ್ಬದ ಹಿಂದಿನಿಂದ ಬಸ್ಸಿನಷ್ಟು ದೊಡ್ಡ ಇರುವೆ ತಲೆ ಎತ್ತಿತು. ಅದೇ ಹೊತ್ತಿಗೆ ಚಿಕ್ಕಪ್ಪ ನೀರು ಕುಡಿಯಲು ಎದ್ದು ಬಂದರು. ಟಿವಿ ಬಂದ್.

ಮಿಕ್ಕ ಸಿನಿಮಾ ನೋಡಲು ನನಗೆ ಹತ್ತು ವರ್ಷ ಬೇಕಾಯಿತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬನ ಹಾರ್ಡ್ ಡಿಸ್ಕಿನಲ್ಲಿ ಸಿಕ್ಕಿತು. ಹೆಸರೇ 'ದೆಮ್!'. 1954ರದ್ದು, ಗಾರ್ಡನ್ ಡಗ್ಲಸ್ ನಿರ್ದೇಶನ. ಆ ಮರುಭೂಮಿಯನ್ನು ಅವರು ಸುಮ್ನೆ ಆರಿಸಿಕೊಂಡದ್ದಲ್ಲ. 1945ರ ಜುಲೈ 16ರ ಬೆಳಗಿನ ಜಾವ ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ ನಡೆದದ್ದು ನ್ಯೂ ಮೆಕ್ಸಿಕೋದಲ್ಲೇ. ಅದರ ವಿಕಿರಣ ತಾಗಿದ ಇರುವೆಗಳು ಒಂಬತ್ತು ವರ್ಷದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತಾ ಇಷ್ಟಾಗಿವೆ ಎಂಬುದು ಸಿನಿಮಾದ ಲೆಕ್ಕ. ಕೊನೆಗೆ ಅವು ಲಾಸ್ ಏಂಜಲಿಸ್‌ನ ಮಳೆನೀರಿನ ಮೋರಿಗಳಲ್ಲಿ ಗೂಡು ಕಟ್ಟುತ್ತವೆ, ಸೈನ್ಯ ಬಂದು ಬೆಂಕಿ ಹಚ್ಚಿ ಕೊಲ್ಲುತ್ತದೆ.

ವಿಜ್ಞಾನದ ಪ್ರಕಾರ ಇದು ಶುದ್ಧ ಬುರುಡೆ. ಇರುವೆ ಅಷ್ಟು ದೊಡ್ಡದಾದರೆ ಅದರ ಕಾಲೇ ಅದನ್ನು ಹೊರಲಾರದು. ಮೈಯ ಸಣ್ಣ ತೂತುಗಳಿಂದ ಉಸಿರಾಡುವ ಜೀವಕ್ಕೆ ಆ ಗಾತ್ರದಲ್ಲಿ ಗಾಳಿಯೂ ಸಾಲದು. ನನ್ನ ರೂಂಮೇಟ್ ಇದನ್ನೆಲ್ಲ ನನಗೆ ಪೂರ್ತಿ ಸಿನಿಮಾ ಮುಗಿಯುವವರೆಗೆ ವಿವರಿಸಿದ. ಅಂಥವರ ಜೊತೆ ಸಿನಿಮಾ ನೋಡಬಾರದು.

ಆ ಒಂದು ಸಿನಿಮಾದಿಂದ ನನಗೆ ಹುಚ್ಚು ಹಿಡಿಯಿತು. ಐವತ್ತರ ದಶಕದ ಅಮೆರಿಕದಲ್ಲಿ ಇಂಥವು ಸಾಲುಸಾಲು ಬಂದಿವೆ. ದೊಡ್ಡ ಜೇಡ, ದೊಡ್ಡ ಆಕ್ಟೋಪಸ್, ಹಾರುವ ತಟ್ಟೆ, ಕೆರೆಯ ಭೂತ. 1955ರ ಜೇಡದ ಸಿನಿಮಾ 'ಟರಾಂಟುಲಾ'ದಲ್ಲಿ ಜೆಟ್ ಓಡಿಸುವ ಪೈಲಟ್ ಯಾರು ಗೊತ್ತಾ? ಮುಂದೆ ಹಾಲಿವುಡ್ಡಿನ ದೊಡ್ಡ ಸ್ಟಾರ್ ಆದ ಕ್ಲಿಂಟ್ ಈಸ್ಟ್‌ವುಡ್. ಮುಖದ ಮೇಲೆ ಮಾಸ್ಕ್ ಇದೆ, ಟೈಟಲಿನಲ್ಲಿ ಹೆಸರೂ ಇಲ್ಲ. ಅದೇ ವರ್ಷದ ಆಕ್ಟೋಪಸ್ಸಿಗೆ ಎಣಿಸಿ ನೋಡಿದರೆ ಆರೇ ಕಾಲು. ದುಡ್ಡಿಲ್ಲದೆ ಎರಡು ಕಾಲು ಕಮ್ಮಿ ಮಾಡಿದ್ದರು. ಅದನ್ನು ಮಾಡಿದವನು ರೇ ಹ್ಯಾರಿಹೌಸನ್. ಒಂದು ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ಹೀಗೆ 24 ಫ್ರೇಮ್ ಆದರೆ ಒಂದು ಸೆಕೆಂಡು. ಎರಡು ಕಾಲು ಕಮ್ಮಿಯಾದರೆ ಎಷ್ಟು ದಿನದ ಕೆಲಸ ಉಳಿಯಿತು ಅಂತ ಲೆಕ್ಕ ಹಾಕಿದರೆ ನನಗೆ ಅವನ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ.

ಹ್ಯಾರಿಹೌಸನ್ 1953ರಲ್ಲಿ ಒಂದು ಡೈನೋಸಾರ್ ಮಾಡಿದ. ಉತ್ತರ ಧ್ರುವದ ಹತ್ತಿರ ಬಾಂಬ್ ಪರೀಕ್ಷೆ ನಡೆದು ಮಂಜುಗಡ್ಡೆಯೊಳಗಿಂದ ಎದ್ದು ಬರುವ ಪ್ರಾಣಿ ಅದು. ಅದರಲ್ಲಿ ಒಂದು ದೀಪಸ್ತಂಭವನ್ನು ಅದು ಕೆಡವುವ ದೃಶ್ಯವಿದೆ. ಆ ದೃಶ್ಯದ ಬೇರು ರೇ ಬ್ರಾಡ್‌ಬರಿಯ ಒಂದು ಸಣ್ಣಕಥೆ. ಇಬ್ಬರೂ 1920ರಲ್ಲಿ ಹುಟ್ಟಿದವರು, ಹುಡುಗರಾಗಿದ್ದಾಗಿನಿಂದ ಸ್ನೇಹಿತರು. ಕಥೆಯಲ್ಲಿ ಸಮುದ್ರದಾಳದ ಒಂಟಿ ಪ್ರಾಣಿಗೆ ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸಲು ಊದುವ ದೀಪಸ್ತಂಭದ ಕಹಳೆ ಕೇಳಿಸುತ್ತದೆ. ತನ್ನ ಜಾತಿಯದೇ ಇನ್ನೊಂದು ಕೂಗುತ್ತಿದೆ ಅಂದುಕೊಂಡು ಅದು ಮೇಲೆ ಬರುತ್ತದೆ. ಸಿನಿಮಾದಲ್ಲಿ ಈ ಸಂಕಟ ಅರ್ಧಕ್ಕರ್ಧ ಕಳೆದುಹೋಗಿದೆ. ಆದರೂ ಆ ದೃಶ್ಯ ಬಂದಾಗ ನಾನು ಪ್ರಾಣಿಯ ಪಕ್ಷವೇ.

ಅಮೆರಿಕದ ಈ ಸಿನಿಮಾಗಳನ್ನು ಮಳೆಗಾಲದಲ್ಲಿ ಹಪ್ಪಳ ತಿನ್ನುತ್ತಾ ನೋಡಬಹುದು. ಹೆದರಿಕೆ ಇದೆ, ಆದರೆ ಒಂದೂವರೆ ಗಂಟೆಯಲ್ಲಿ ಸೈನ್ಯ ಬರುತ್ತದೆ ಎಂಬ ಧೈರ್ಯವೂ ಇದೆ. ಬಾಂಬ್ ಹಾಕಿದವರು ಮಾಡಿದ ಸಿನಿಮಾ ಅಲ್ವಾ, ಆ ಧೈರ್ಯ ಇರುತ್ತದೆ. ಬಾಂಬ್ ಬಿದ್ದವರು ಮಾಡಿದ ಸಿನಿಮಾ ಬೇರೆ. ಅದಕ್ಕೆ ಹಪ್ಪಳ ಸರಿಬರುವುದಿಲ್ಲ.

1954ರ ಮಾರ್ಚ್ 1. ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಒಂದು ಹೈಡ್ರೋಜನ್ ಬಾಂಬ್ ಸಿಡಿಸಿತು. ಆರು ಮೆಗಾಟನ್ ಆಸುಪಾಸು ಅಂತ ಅಂದಾಜು ಮಾಡಿದ್ದರು, ಆದದ್ದು 15. ಹಿರೋಶಿಮಾಕ್ಕೆ ಹೋಲಿಸಿದರೆ ಸುಮಾರು ಸಾವಿರ ಪಟ್ಟು. ಅಪಾಯದ ವಲಯ ಅಂತ ಗೆರೆ ಎಳೆದಿದ್ದರಲ್ಲ, ಅದರ ಹೊರಗೇ ಜಪಾನಿನ ಒಂದು ದೋಣಿ ಟ್ಯೂನಾ ಹಿಡಿಯುತ್ತಿತ್ತು. ಹೆಸರು 'ದಾಯ್‌ಗೋ ಫುಕುರ್ಯೂ ಮಾರು', ಅಂದರೆ ಐದನೇ ಅದೃಷ್ಟದ ಡ್ರ್ಯಾಗನ್. ಅದರಲ್ಲಿ 23 ಜನ. ಸ್ಫೋಟ ಆಗಿ ಕೆಲವು ಗಂಟೆಗಳ ಮೇಲೆ ಅವರ ತಲೆಯ ಮೇಲೆ ಬಿಳಿ ಪುಡಿ ಉದುರಲು ಶುರುವಾಯಿತು. ಸುಟ್ಟ ಹವಳದ ಬೂದಿ. ಅವರಿಗೆ ಅದೇನೆಂದು ಗೊತ್ತಿಲ್ಲ. ಕೈಯಿಂದ ಕೊಡವಿಕೊಂಡು, ಗಾಳದ ಹಗ್ಗ ಎಳೆದುಕೊಂಡು, ಎರಡು ವಾರದಲ್ಲಿ ಊರು ಸೇರಿದರು. ಅಷ್ಟರಲ್ಲಿ ಮೈ ಸುಟ್ಟಿತ್ತು, ಕೂದಲು ಉದುರುತ್ತಿತ್ತು. ಅವರು ತಂದ ಮೀನು ಮಾರ್ಕೆಟ್ಟಿಗೂ ಹೋಗಿತ್ತು. ಜಪಾನಿನಲ್ಲಿ ಜನ ಮೀನು ತಿನ್ನಲು ಹೆದರಿದರು. ಜಪಾನಿನಲ್ಲಿ, ಮೀನು! ಮಂಗಳೂರಿನವರು ಅದನ್ನು ಕಲ್ಪಿಸಿಕೊಂಡರೆ ಸಾಕು.

ದೋಣಿಯ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ಕ್ಕೆ ತೀರಿಕೊಂಡರು. ನವೆಂಬರ್ 3ಕ್ಕೆ 'ಗೊಜಿರಾ' ಬಿಡುಗಡೆಯಾಯಿತು. ಗಾಡ್ಜಿಲಾ ಅಂತ ನಾವು ಹೇಳುವ ಪ್ರಾಣಿಯ ಜಪಾನಿ ಹೆಸರು ಅದು. ಆ ಸಿನಿಮಾ ಶುರುವಾಗುವುದೇ ಸಮುದ್ರದಲ್ಲಿ ಒಂದು ದೋಣಿಯಿಂದ. ಹುಡುಗರು ಡೆಕ್ಕಿನ ಮೇಲೆ ಕೂತು ಹಾರ್ಮೋನಿಕಾ, ಗಿಟಾರ್ ನುಡಿಸುತ್ತಿದ್ದಾರೆ. ನೀರು ಬೆಳ್ಳಗೆ ಕುದಿಯುತ್ತದೆ. ಕಣ್ಣು ಕುಕ್ಕುವ ಬೆಳಕು, ಬೆಂಕಿ. ಆ ದಿನ ಥಿಯೇಟರಿನಲ್ಲಿ ಕೂತವರಿಗೆ ಇದೇನು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸುಮಾರು 96 ಲಕ್ಷ ಟಿಕೆಟ್ ಹೋದವು.

ನಿರ್ದೇಶಕ ಇಶಿರೋ ಹೋಂಡಾ ಯುದ್ಧದಲ್ಲಿ ಸೈನಿಕನಾಗಿದ್ದವರು. ಚೀನಾದಿಂದ ವಾಪಸ್ ಬರುವಾಗ ಹಿರೋಶಿಮಾದ ಅವಶೇಷದ ನಡುವೆ ಹಾದು ಬಂದಿದ್ದರು. 1952ರವರೆಗೆ ಜಪಾನ್ ಅಮೆರಿಕದ ಹಿಡಿತದಲ್ಲಿತ್ತು, ಬಾಂಬಿನ ಬಗ್ಗೆ ಬರೆಯಲು, ತೋರಿಸಲು ಬಿಡುತ್ತಿರಲಿಲ್ಲ. ಹೇಳಲಾಗದೆ ಉಳಿದದ್ದೆಲ್ಲ ಎರಡು ವರ್ಷದಲ್ಲಿ ಐವತ್ತು ಮೀಟರ್ ಎತ್ತರದ ಪ್ರಾಣಿಯಾಗಿ ಟೋಕಿಯೋ ಕೊಲ್ಲಿಯಿಂದ ಎದ್ದು ಬಂತು. ಅದರ ಚರ್ಮ ನೋಡಿ. ಡೈನೋಸಾರಿನ ಹಾಗೆ ಹೊಳಪಿಲ್ಲ. ಸುಟ್ಟ ಗಾಯ ಮಾಗಿ ಗಂಟುಗಂಟಾದ ಹಾಗಿದೆ.

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಊರಿಗೆ ಬಂದಿದ್ದ. ಬೆಂಗಳೂರಿನ ಹುಡುಗ, ಹನ್ನೊಂದು ವರ್ಷ. ಈಗಿನ ಗಾಡ್ಜಿಲಾ ಸಿನಿಮಾಗಳನ್ನೆಲ್ಲ ನೋಡಿ ಬಾಯಿಪಾಠ ಮಾಡಿದವನು. "ಮೊದಲಿನದ್ದು ತೋರಿಸ್ತೇನೆ ಬಾ" ಅಂತ ಲ್ಯಾಪ್‌ಟಾಪ್ ಇಟ್ಟೆ. ಮಧ್ಯಾಹ್ನ, ಸೆಕೆ, ಕರೆಂಟ್ ಇಲ್ಲ, ಬ್ಯಾಟರಿ 70 ಪರ್ಸೆಂಟ್.

ಗೊಜಿರಾ ಗುಡ್ಡದ ಆಚೆಯಿಂದ ತಲೆ ಹಾಕಿದ ಕೂಡಲೇ ಅವನಿಗೆ ನಗು ತಡೆಯಲಿಲ್ಲ. "ಮಾವ, ಇದು ರಬ್ಬರ್! ಒಳಗೆ ಜನ ಇದ್ದಾರೆ!"

"ಹೌದು ಇದ್ದಾರೆ" ಅಂದೆ.

ಒಳಗೆ ಇದ್ದವರು ಹರುವೋ ನಕಜಿಮಾ. ಮೊದಲು ಮಾಡಿದ ವೇಷ ನೂರು ಕಿಲೋ ಹತ್ತಿರ ಇತ್ತಂತೆ, ಅದರಲ್ಲಿ ನಡೆಯಲೇ ಆಗಲಿಲ್ಲ. ಮತ್ತೊಂದು ಮಾಡಿದರು. ಅದರೊಳಗೂ ಸ್ಟುಡಿಯೋ ದೀಪದ ಕಾವಿಗೆ ತಲೆ ತಿರುಗಿ ಬೀಳುವಷ್ಟು ಸೆಕೆ. ನಡಿಗೆ ಕಲಿಯಲು ನಕಜಿಮಾ ಟೋಕಿಯೋದ ಉಯೆನೋ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ಟ್ರಿಕ್ ಕೆಲಸದ ಯಜಮಾನ ಏಜಿ ತ್ಸುಬುರಾಯಾ ಟೋಕಿಯೋವನ್ನು 25ರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟಿಸಿದ್ದರು. ಗೊಜಿರಾ ಉಸಿರಿಗೆ ಕರಗಿ ಬಾಗುವ ಕರೆಂಟ್ ಟವರ್‌ಗಳು ಮೇಣದವು. ಕ್ಯಾಮೆರಾ ವೇಗ ಜಾಸ್ತಿ ಮಾಡಿ ಚಿತ್ರಿಸಿದರೆ ತೆರೆಯ ಮೇಲೆ ನಿಧಾನಕ್ಕೆ ಕಾಣುತ್ತದೆ, ಆಗ ಮೈಗೆ ತೂಕ ಬರುತ್ತದೆ. ಹ್ಯಾರಿಹೌಸನ್ ದಾರಿಯಲ್ಲಿ ಹೋಗಲು ಸಮಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಅದಕ್ಕೇ ಮನುಷ್ಯನಿಗೆ ವೇಷ ಹಾಕಿಸಿದರು.

ರಬ್ಬರ್ ವೇಷ ಕಂಡರೆ ನನಗೆ ನಗು ಬರುವುದಿಲ್ಲ. ಅದಕ್ಕೆ ಕಾರಣ ಮಹಿಷಾಸುರ.

ಕಟೀಲು ಮೇಳದ ಹರಕೆ ಯಕ್ಷಗಾನ ಆಟ, 'ದೇವಿ ಮಹಾತ್ಮೆ'. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ನನಗೆ ಆರೋ ಏಳೋ ವರ್ಷ, ಅಜ್ಜಿಯ ತೊಡೆಯ ಮೇಲೆ ನಿದ್ದೆ. ನಡುರಾತ್ರಿ ಕಳೆದ ಮೇಲೆ ಅಜ್ಜಿ ಅಲ್ಲಾಡಿಸಿ ಎಬ್ಬಿಸಿದರು. "ಏಳು ಮಗಾ, ಮಹಿಷಾಸುರ ಬಂದ." ನಾನು ರಂಗಸ್ಥಳದ ಕಡೆ ನೋಡಿದರೆ ಅಲ್ಲಿ ಯಾರೂ ಇಲ್ಲ. ಅವನು ಬರುವುದು ಹಿಂದಿನಿಂದ, ಜನರ ನಡುವೆ. ಗದ್ದೆಯ ಆ ತುದಿಯಲ್ಲಿ ದೊಂದಿಗಳು, ಅದಕ್ಕೆ ರಾಳದ ಪುಡಿ ಎಸೆದಾಗ ಬುಸ್ಸೆಂದು ಮರದೆತ್ತರ ಏಳುವ ಬೆಂಕಿ, ಚೆಂಡೆ, ಬೆಂಕಿಯ ಮಧ್ಯೆ ಎರಡು ಕೋಡು. ಅಜ್ಜಿಯ ಸೆರಗಿನೊಳಗೆ ತಲೆ ಹಾಕಿದವನು ಮತ್ತೆ ತೆಗೆದದ್ದು ದೇವಿ ಬಂದ ಮೇಲೆಯೇ.

ಬೆಳಿಗ್ಗೆ ಆಟ ಮುಗಿದು ದೊಡ್ಡ ಹುಡುಗರ ಜೊತೆ ವೇಷ ಕಟ್ಟುವ ಚೌಕಿಗೆ ಹೋದೆ. ಮಹಿಷಾಸುರ ಒಂದು ಪೆಟ್ಟಿಗೆಯ ಮೇಲೆ ಕೂತು ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಿದ್ದರು. ಕೋಡು ಪಕ್ಕದಲ್ಲಿ. ಒಳಗಿನ ಬಟ್ಟೆ ಬೆವರಿಗೆ ಹಿಂಡುವಷ್ಟು ಒದ್ದೆ. ಅರ್ಧ ಮುಖ ರಾಕ್ಷಸನದ್ದು, ಅರ್ಧ ಮುಖ ಯಾರೋ ಒಬ್ಬ ಸುಸ್ತಾದ ಮಾವನದ್ದು. ನನ್ನನ್ನು ನೋಡಿ "ಹೆದರಿದೆಯಾ?" ಅಂದರು. ಹೌದು ಅಂತ ತಲೆ ಆಡಿಸಿದೆ. ಅವರಿಗೆ ಖುಷಿಯಾಯಿತು. ಮುಂದಿನ ವರ್ಷ ಆಟಕ್ಕೆ ಹೋದಾಗ ಒಳಗೆ ಇರುವವರು ಯಾರು ಅಂತ ಗೊತ್ತಿತ್ತು. ಆದರೂ ಸೆರಗಿಗೇ ನುಗ್ಗಿದೆ.

ನಕಜಿಮಾ 2017ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಓದಿದಾಗ ನನಗೆ ಆ ಚೌಕಿ ನೆನಪಾಯಿತು. ಈಗಿನ ಕಂಪ್ಯೂಟರ್ ದೈತ್ಯರು ನೂರು ಪಟ್ಟು ಚೆನ್ನಾಗಿದ್ದಾರೆ, ಒಪ್ಪುತ್ತೇನೆ. ಆದರೆ ಅವರು ಕಟ್ಟಡ ಒಡೆಯುವಾಗ ಯಾರ ಮೈಗೂ ನೋವಾಗುವುದಿಲ್ಲ, ಯಾರೂ ಬೆವರುವುದಿಲ್ಲ. ಅದು ನನಗೆ ಗೊತ್ತಾಗಿಬಿಡುತ್ತದೆ. ಇದು ವಯಸ್ಸಾದವರ ಹಟವೂ ಇರಬಹುದು.

ಅಳಿಯ ಅರ್ಧ ಗಂಟೆ ನಕ್ಕ. ಆಮೇಲೆ ಸುಮ್ಮನಾದ. ಸುಮ್ಮನಾದದ್ದು ಪ್ರಾಣಿಯನ್ನು ನೋಡಿ ಅಲ್ಲ. ಊರು ಉರಿಯುವಾಗ ರಸ್ತೆ ಬದಿಯಲ್ಲಿ ಒಬ್ಬ ತಾಯಿ ಮಕ್ಕಳನ್ನು ಅಪ್ಪಿಕೊಂಡು ಕೂತಿರುತ್ತಾಳೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅಪ್ಪನ ಹತ್ತಿರ ಹೋಗುತ್ತೇವೆ ಅನ್ನುತ್ತಾಳೆ. "ಅಪ್ಪ ಎಲ್ಲಿದ್ದಾನೆ?" ಅಂತ ಅಳಿಯ ಕೇಳಿದ. ಯುದ್ಧದಲ್ಲಿ ಸತ್ತಿರಬೇಕು ಅಂದೆ. ಅವನು ಮತ್ತೆ ಕೇಳಲಿಲ್ಲ. ಮರುದಿನದ ದೃಶ್ಯ ಆಸ್ಪತ್ರೆ. ನೆಲದ ತುಂಬ ಗಾಯಾಳುಗಳು. ಒಂದು ಮಗುವಿನ ಹತ್ತಿರ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿಯುತ್ತಾರೆ, ಅದು ಕಟಕಟ ಅನ್ನುತ್ತದೆ. ಹಿಡಿದವನು ತಲೆ ಅಲ್ಲಾಡಿಸುತ್ತಾನೆ. ಅಷ್ಟೇ.

ಟ್ರೇನಿನಲ್ಲಿ ಒಬ್ಬಳು ಹುಡುಗಿ ಬೇಜಾರಿನಲ್ಲಿ ಆಡುವ ಮಾತೂ ಇದೆ. ವಿಷದ ಮೀನು, ವಿಷದ ಮಳೆ, ಈಗ ಇದು ಬೇರೆ, ನಾಗಸಾಕಿಯಿಂದ ತಪ್ಪಿಸಿಕೊಂಡು ಬಂದ ಜೀವ ನನ್ನದು ಅಂತ. ಬಸ್ ಲೇಟಾಯಿತು ಅನ್ನುವ ಧಾಟಿಯಲ್ಲಿ ಹೇಳುತ್ತಾಳೆ. 1956ರಲ್ಲಿ ಅಮೆರಿಕದವರು ಈ ಸಿನಿಮಾ ತೆಗೆದುಕೊಂಡು, ರೇಮಂಡ್ ಬರ್ ಎಂಬ ನಟನನ್ನು ವರದಿಗಾರನಾಗಿ ನಡುನಡುವೆ ತುರುಕಿ, ತಮ್ಮ ಕಡೆ ಬಿಡುಗಡೆ ಮಾಡಿದರು. ಆ ಮಾತು ಅದರಲ್ಲಿ ಇಲ್ಲ. ಜಗತ್ತಿನ ಬಹುಪಾಲು ಜನ ಎಷ್ಟೋ ವರ್ಷ ನೋಡಿದ್ದು ಆ ಕತ್ತರಿಸಿದ ಪ್ರತಿಯನ್ನೇ. ರಬ್ಬರ್ ಗೊಂಬೆ ಅಂತ ನಕ್ಕದ್ದರಲ್ಲಿ ಅವರ ತಪ್ಪೂ ಪೂರ್ತಿ ಇಲ್ಲ.

ನಮ್ಮಲ್ಲಿ ಅಣುವಿಗೆ ಹೆದರಿದವರು ಇರಲಿಲ್ಲ ಅಂತಲ್ಲ. ನಮ್ಮ ಪುತ್ತೂರಿನಲ್ಲೇ ದಶಕಗಟ್ಟಲೆ ಇದ್ದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ಬೇಡ ಅಂತ ಇಳಿವಯಸ್ಸಿನಲ್ಲಿ ಊರೂರು ತಿರುಗಿದರು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ಸೋತರು. 1994ರ ಮೇ ತಿಂಗಳಲ್ಲಿ ಅಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕಳಚಿ ಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲ. ಅಪ್ಪ ಪೇಪರ್ ಹಿಡಿದು ಜಗಲಿಯಲ್ಲಿ ಗಟ್ಟಿಯಾಗಿ ಓದಿದ್ದು ನೆನಪಿದೆ. ನಮ್ಮ ಹೆದರಿಕೆ ಸಭೆಗಳಲ್ಲಿ, ಪೇಪರಿನಲ್ಲಿ, ಕರಪತ್ರಗಳಲ್ಲಿ ಇತ್ತು. ಅದಕ್ಕೆ ಯಾರೂ ಕೋಡು ಇಡಲಿಲ್ಲ, ಬಾಲ ಇಡಲಿಲ್ಲ. ಹಾಗಾಗಿಯೋ ಏನೋ, ನನ್ನ ತಲೆಯಲ್ಲಿ ಅದು ನಿಲ್ಲಲಿಲ್ಲ.

ನಿಲ್ಲಲಿಲ್ಲ ಅನ್ನುವುದಕ್ಕೆ ಸಾಕ್ಷಿಯೂ ಇದೆ. 1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಬಾಂಬ್ ಪರೀಕ್ಷೆ ಆಯಿತು. ಪೇಟೆಯಲ್ಲಿ ಲಡ್ಡು ಹಂಚಿದರು. ನಾನು ಎರಡು ತಿಂದೆ, ಒಂದನ್ನು ಜೇಬಿನಲ್ಲಿಟ್ಟು ತಂಗಿಗೆ ತಂದೆ. ಅದೇ ತಿಂಗಳು ಅಮೆರಿಕದಲ್ಲಿ ಹೊಸ 'ಗಾಡ್ಜಿಲಾ' ಬಿಡುಗಡೆಯಾಗಿತ್ತು. ಅದರಲ್ಲಿ ತಪ್ಪನ್ನು ಫ್ರಾನ್ಸಿನವರ ಅಣುಪರೀಕ್ಷೆಯ ತಲೆಗೆ ಕಟ್ಟಿದ್ದಾರೆ. ಆಮೇಲೆ ಅದು ಮಂಗಳೂರಿಗೆ ಬಂದಾಗ ಹೋಗಿ ನೋಡಿ ಸೀಟಿ ಹೊಡೆದೆ. ಲಡ್ಡು ಮತ್ತು ಗಾಡ್ಜಿಲಾ ಒಂದೇ ಕಥೆಯ ಎರಡು ತುದಿ ಅಂತ ನನಗೆ ಹೊಳೆಯಲೇ ಇಲ್ಲ. ಹಳೆಯ 'ಗೊಜಿರಾ' ನೋಡಿದ ಮೇಲೆ, ಮಗುವಿನ ಹತ್ತಿರ ಆ ಯಂತ್ರ ಕಟಕಟ ಅಂದಾಗ, ಬಾಯಲ್ಲಿ ಲಡ್ಡಿನ ಸಿಹಿ ಬಂದ ಹಾಗಾಯಿತು. ಈ ಸಿನಿಮಾಗಳು ಹಳೆಯ ಕಾಲದ ಮುದ್ದಾದ ವಸ್ತುಗಳು ಅಂತ ಹೇಳುವವರ ಜೊತೆ ನಾನೂ ಅರ್ಧ ಸೇರುತ್ತೇನೆ. ಇನ್ನರ್ಧಕ್ಕೆ ಆ ಲಡ್ಡು ಅಡ್ಡ ಬರುತ್ತದೆ. ನಾನು ಹಂಬಲಿಸುತ್ತಿರುವುದು ಇನ್ಯಾರದೋ ಬೂದಿ ಬಿದ್ದ ಕಾಲಕ್ಕಲ್ವಾ?

ಬ್ಯಾಟರಿ 9 ಪರ್ಸೆಂಟ್ ಇದ್ದಾಗ ಸಿನಿಮಾ ಮುಗಿಯಿತು. ಸೆರಿಜಾವಾ ಎಂಬ ವಿಜ್ಞಾನಿ, ತಾನೇ ಕಂಡುಹಿಡಿದ ಅಸ್ತ್ರ ಇನ್ಯಾರ ಕೈಗೂ ಹೋಗದಿರಲಿ ಅಂತ ಕಾಗದಪತ್ರ ಸುಟ್ಟು, ಸಮುದ್ರದ ತಳದಲ್ಲಿ ತನ್ನ ಹಗ್ಗವನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಗೊಜಿರಾ ಸಾಯುತ್ತದೆ. ಯಾರೂ ಕುಣಿಯುವುದಿಲ್ಲ. ಅಳಿಯ ಲ್ಯಾಪ್‌ಟಾಪ್ ಮುಚ್ಚಿ "ಪಾಪ" ಅಂದ. ಯಾರು ಪಾಪ ಅಂತ ನಾನು ಕೇಳಲಿಲ್ಲ.

ಸಂಜೆ ಕಾಫಿ ಕುಡಿಯುವಾಗ ಅವನ ಪ್ರಶ್ನೆ ಬೇರೆ. "ಮಾವ, ಆ ಕೂಗು ಹೇಗೆ ಮಾಡಿದ್ದು? ಯಾವ ಪ್ರಾಣಿದು?"

ಪ್ರಾಣಿಯದ್ದಲ್ಲ. ಪ್ರಾಣಿಗಳ ಕೂಗು ಯಾವುದೂ ಸರಿಬರಲಿಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಒಂದು ಡಬಲ್ ಬಾಸ್ ತೆಗೆದುಕೊಂಡರು. ಪಿಟೀಲಿನ ಜಾತಿಯ, ಆಳೆತ್ತರದ ವಾದ್ಯ ಅದು. ಅದರ ತಂತಿ ಸಡಿಲ ಮಾಡಿ, ರಾಳ ಬಳಿದ ಚರ್ಮದ ಗ್ಲೌಸಿನಿಂದ ಉಜ್ಜಿಸಿದರು. ಅದನ್ನು ರೆಕಾರ್ಡ್ ಮಾಡಿ, ವೇಗ ಇಳಿಸಿದರು. ಎಪ್ಪತ್ತು ವರ್ಷದಿಂದ ಜಗತ್ತು ಕೇಳುತ್ತಿರುವುದು ಒಂದು ಗ್ಲೌಸು ತಂತಿಯ ಮೇಲೆ ಜಾರುವ ಸದ್ದು.

ಮರುದಿನ ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಆಫೀಸು ಕೆಲಸ ಮಾಡುತ್ತಿದ್ದೆ. ಹುಡುಗ ಬೆಳಗ್ಗಿನಿಂದ ಕಣ್ಣಿಗೆ ಬಿದ್ದಿರಲಿಲ್ಲ. ಶೆಡ್ಡಿನ ಕಡೆ ಏನೋ ಗಲಾಟೆ. ಹೋಗಿ ನೋಡಿದರೆ ಶೀಟ್ ಒಣಹಾಕುವ ಎರಡು ಕಂಬದ ನಡುವೆ ಅಪ್ಪನ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದು ಕಟ್ಟಿದ್ದಾನೆ. ಕೈಯಲ್ಲಿ ಎಸಿಡ್ ಹಾಕುವಾಗ ತೊಡುವ ಗ್ಲೌಸು, ಅದರ ತುಂಬ ಹಲಸಿನ ಮೇಣ. ಅಮ್ಮ ಆಚೆ ಹಲಸಿನ ಕಾಯಿ ಬಿಡಿಸುತ್ತಾ "ಆ ಗ್ಲೌಸು ಇನ್ನು ಗೋವಿಂದ" ಅನ್ನುತ್ತಿದ್ದರು. ಅವನು ಎರಡು ಸಲ ಎಳೆದಾಗ ಬರೀ ಕಿರ್ರ್ ಅಂತು. ಮೂರನೇ ಸಲ ಟ್ಯೂಬನ್ನು ಸ್ವಲ್ಪ ಸಡಿಲ ಮಾಡಿ, ಮೈಯ ಭಾರವೆಲ್ಲ ಹಾಕಿ, ನಿಧಾನಕ್ಕೆ ಎಳೆದ. ತಗಡಿನ ಮಾಡು ಅದುರುವ ಹಾಗೆ ಒಂದು ನರಳಾಟ ಎದ್ದಿತು.

ಅಂಗಳದಲ್ಲಿ ಬಿದ್ದುಕೊಂಡಿದ್ದ ನಾಯಿ ಎದ್ದು ನಿಂತು, ನಮ್ಮನ್ನು ನೋಡದೆ, ತೋಟದ ಕೆಳಗಿನ ತೋಡಿನ ಕಡೆ ಮುಖ ಮಾಡಿ ಬೊಗಳಲು ಶುರುಮಾಡಿತು.